ಪ್ರೇಮಕ್ಕನ ರೊಟ್ಟಿ ಮತ್ತು ಏಳನೇ ಕಾಲಂ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಪ್ರೇಮಕ್ಕನ ಮನೆ ಯಾವುದೆಂದು ಕೇಳಬೇಕಿಲ್ಲ. ಬೆಳಿಗ್ಗೆ ಆರಕ್ಕೆ ಹೋದರೆ ರೊಟ್ಟಿ ಬಡಿಯುವ ಸದ್ದೇ ದಾರಿ ತೋರಿಸುತ್ತದೆ. ಅವರು ಬಾಗಲಕೋಟೆ ಕಡೆಯಿಂದ ಬಂದು ಹದಿನೆಂಟು ವರ್ಷವಾಯಿತು, ಬಂದಾಗಿನಿಂದಲೂ ರೊಟ್ಟಿ ಬಡಿಯುತ್ತಿದ್ದಾರೆ. ಗಂಡ ಚನ್ನಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಇಬ್ಬರೂ ಸೇರಿ ಕೊಂಡ ಎರಡು ಕೋಣೆಯ ಮನೆ. ಅದರ ಅಡುಗೆಮನೆಯಿಂದ ದಿನಕ್ಕೆ ಅರವತ್ತು ಮನೆಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಹೋಗುತ್ತದೆ. ಇಂದಿರಾನಗರದ ಆಫೀಸುಗಳಲ್ಲಿ ದುಡಿಯುವ ಅವರ ಕಡೆಯವರಿಗೆ ಈ ರೊಟ್ಟಿಯಿಲ್ಲದೆ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ನಾನು ಶ್ರೀನಾಥ, ಹಲಸೂರಿನವನು, ಇನ್ಶೂರೆನ್ಸ್ ಏಜೆಂಟ್. ಆ ಮನೆಗೆ ಪಾಲಿಸಿ ಮಾಡಿಸಿದವನು ನಾನೇ. ಅರ್ಜಿ ತುಂಬಲು ಹೋದ ದಿನ ಪ್ರೇಮಕ್ಕ ಬಿಸಿ ರೊಟ್ಟಿ, ಎಣ್ಣೆಗಾಯಿ ಮುಂದಿಟ್ಟರು. ನನಗೆ ತಿನ್ನುವುದರಲ್ಲಿದ್ದ ಶ್ರದ್ಧೆ ಬರೆಯುವುದರಲ್ಲಿ ಇರಲಿಲ್ಲ. ಏಳನೇ ಕಾಲಂ ಬಂದಾಗ, ಮನೆಯಲ್ಲಿ ಯಾವುದಾದರೂ ವ್ಯಾಪಾರ ನಡೆಯುತ್ತದೆಯೇ ಎಂದು ಬಾಯಲ್ಲಿ ತುತ್ತಿಟ್ಟುಕೊಂಡೇ ಕೇಳಿದೆ.

“ವ್ಯಾಪಾರ ಎಲ್ಲೀದೋ ತಮ್ಮಾ? ನಾಕ ರೊಟ್ಟಿ ಬಡೀತೀನಿ, ಅಷ್ಟ,” ಎಂದರು.

ಅವರನ್ನು ದೂರುವಂತಿಲ್ಲ. ಅವರ ಕಡೆ ರೊಟ್ಟಿ ಬಡಿಯುವುದನ್ನು ಯಾವ ಹೆಂಗಸೂ ಕಸುಬು ಎನ್ನುವುದಿಲ್ಲ. ರೇಷನ್ ಕಾರ್ಡಿನಿಂದ ಹಿಡಿದು ಎಲ್ಲ ಕಾಗದದಲ್ಲೂ ಅವರು ‘ಗೃಹಿಣಿ’. ಆದರೆ ಎದುರಿಗೇ ಅರವತ್ತು ಕಟ್ಟು ರೊಟ್ಟಿ ಜೋಡಿಸಿಟ್ಟಿದ್ದನ್ನು ನೋಡುತ್ತ ‘ಇಲ್ಲ’ ಎಂದು ಬರೆದೆನಲ್ಲ, ನನ್ನ ಬುದ್ಧಿಗಿಷ್ಟು!

ಹೋದ ವರ್ಷ ಒಂದು ಮಧ್ಯಾಹ್ನ ಗ್ಯಾಸಿನ ಪೈಪು ಸೋರಿ ಬೆಂಕಿ ಹೊತ್ತಿತು. ಸದ್ಯ, ಯಾರಿಗೂ ಏನೂ ಆಗಲಿಲ್ಲ. ಆದರೆ ಅಡುಗೆಮನೆಯ ಕಟ್ಟೆ, ವೈರಿಂಗು, ಮೇಲಿನ ಅಟ್ಟ ಎಲ್ಲ ಕರಕಲಾದವು. ಪಾಲಿಸಿಯ ದುಡ್ಡು ಬಂದರಷ್ಟೇ ಅದನ್ನು ಬೇಗ ಮತ್ತೆ ಕಟ್ಟಿಸಲು ಸಾಧ್ಯವಿತ್ತು.

ನಷ್ಟ ನೋಡಲು ಕಂಪನಿಯ ಸರ್ವೇಯರ್ ಬರುವ ದಿನ ನಾನು ಮೊದಲೇ ಓಡಿದೆ. ಏಳನೇ ಕಾಲಮಿನಲ್ಲಿ ‘ಇಲ್ಲ’ ಎಂದಿರುವುದರಿಂದ ವ್ಯಾಪಾರವಿದೆಯೆಂದು ಗೊತ್ತಾದರೆ ದುಡ್ಡು ಬರುವುದಿಲ್ಲ ಎಂದು ಹೇಳಿ, ಎರಡು ದೊಡ್ಡ ಒಲೆಗಳನ್ನೂ ಜೋಳದ ಚೀಲಗಳನ್ನೂ ಪಕ್ಕದ ಮನೆಗೆ ಸಾಗಿಸಿಬಿಡೋಣ, ಇದು ಬರೀ ಮನೆಯಡುಗೆ ಅಂತ ಹೇಳಿಬಿಡಿ ಎಂದು ಗೋಗರೆದೆ. ಪ್ರೇಮಕ್ಕ ಒಲೆಗಳನ್ನು ಇದ್ದಲ್ಲೇ ಬಿಟ್ಟು ಮಸಿ ತೊಳೆಯುತ್ತಿದ್ದರು.

ಸರ್ವೇಯರ್ ಒಲೆಗಳನ್ನು ನೋಡಿ, ಇಷ್ಟು ದೊಡ್ಡವು ಮನೆಮಂದಿಗೇನಾ ಎಂದು ಕೇಳಿದ. ಪ್ರೇಮಕ್ಕ ಮಸಿಬಟ್ಟೆ ಕೆಳಗಿಟ್ಟು ಹೇಳಿದರು:

“ಇಲ್ಲರೀ ಸಾಹೇಬ್ರ, ಇಲ್ಲಿಂದ ದಿನಾ ಅರವತ್ತು ಮನಿಗೆ ರೊಟ್ಟಿ ಹೋಗ್ತಾವು. ಇದು ನನ್ನ ಉದ್ಯೋಗ. ಅರ್ಜಿ ತುಂಬುವಾಗ ಈ ತಮ್ಮ ಕೇಳಿದ್ದ. ಇಲ್ಲ ಅಂದಾಕಿ ನಾನ.”

ಎಲ್ಲವನ್ನೂ ನನ್ನ ತಲೆಗೆ ಕಟ್ಟಬಹುದಿತ್ತು. ಕಟ್ಟಿದ್ದರೆ ತಪ್ಪೂ ಇರಲಿಲ್ಲ. ಆತ ಹೋದ ಮೇಲೆ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಅರವತ್ತು ಮನೆಯವರು ಉಣ್ಣುವುದನ್ನು ಇಲ್ಲ ಎಂದು ಹೇಗೆ ಹೇಳಲಿ ಎಂದು ನನ್ನನ್ನೇ ತಿರುಗಿ ಕೇಳಿದರು.

ಕ್ಲೇಮು ತಿರಸ್ಕೃತವಾಯಿತು. ಮನೆಯಲ್ಲಿ ವ್ಯಾಪಾರವಿರುವುದನ್ನು ತಿಳಿಸಿರಲಿಲ್ಲ ಎಂಬುದೇ ಕಾರಣ. ನನಗೆ ಎರಡು ದಿನ ಊಟ ಸೇರಲಿಲ್ಲ. ಪ್ರೇಮಕ್ಕ ಮಾತ್ರ ಆ ಕಾಗದ ಬರುವುದಕ್ಕಿಂತ ಎಷ್ಟೋ ಮೊದಲೇ, ಬೆಂಕಿ ಬಿದ್ದ ವಾರದೊಳಗೇ, ಟೆರೇಸಿನಲ್ಲಿ ತಗಡು ಹೊದಿಸಿ ರೊಟ್ಟಿ ಶುರುಮಾಡಿದ್ದರು. ಬಿಸಿಲಲ್ಲಿ, ಗಾಳಿಯಲ್ಲಿ ಏಳು ತಿಂಗಳು ಬಡಿದರು. ಆ ದುಡ್ಡಿನಲ್ಲೇ ಅಡುಗೆಮನೆಯ ಕಟ್ಟೆ, ವೈರಿಂಗು, ಅಟ್ಟ ಒಂದೊಂದಾಗಿ ಮತ್ತೆ ಎದ್ದವು. ಇಂಥ ಹೆಂಗಸನ್ನು ನಾನು ನೋಡಿಲ್ಲ.

ಕಳೆದ ತಿಂಗಳು ಅವರೇ ಫೋನ್ ಮಾಡಿ ಕರೆದರು. ಮನೆಗೂ, ಮನೆಯಲ್ಲಿ ನಡೆಯುವ ಕೆಲಸಕ್ಕೂ ಸೇರಿಸಿ ರಕ್ಷಣೆ ಕೊಡುವ ಪಾಲಿಸಿ ಬೇಕಂತೆ. ಇನ್ನೊಬ್ಬ ಏಜೆಂಟನ್ನು ಹುಡುಕಿಕೊಳ್ಳಬಹುದಿತ್ತು. ಹೋಗಿ ಕೂತೆ. ರೊಟ್ಟಿಯ ವಾಸನೆ ಬರುತ್ತಿತ್ತು, ತಟ್ಟೆ ಬರಲಿಲ್ಲ.

“ಮೊದಲ ಬರಿ, ಆಮ್ಯಾಲೆ ಉಣ್ಣು,” ಎಂದರು.

ಒಂದೊಂದು ಕಾಲಮನ್ನೂ ಜೋರಾಗಿ ಓದಿಸಿದರು. ಉದ್ಯೋಗದ ಕಾಲಂ ಬಂದಾಗ ಹಿಟ್ಟಿನ ಕೈ ಸೆರಗಿಗೆ ಒರೆಸಿ, ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ‘ರೊಟ್ಟಿ ವ್ಯಾಪಾರ, ಹದಿನೆಂಟು ವರ್ಷ’ ಎಂದು ನಿಧಾನವಾಗಿ ಬರೆದರು. ಬರೆದದ್ದನ್ನು ಎರಡು ಸಲ ಓದಿಕೊಂಡು, ಆಮೇಲೆ ನನಗೆ ತಟ್ಟೆ ಇಟ್ಟರು.