ಅಣ್ಣನ ಪದ ಬಿಟ್ಟ ಹಾಡು

ಬೀಸುವ ಪದಗಳಿಗೆ ನಮ್ಮ ಕಡೆ ಒಂದು ಕ್ರಮವಿದೆ. ಮೊದಲು ದೇವರು, ಆಮೇಲೆ ಕಲ್ಲು, ಹಡೆದವ್ವ, ಕೊನೆಗೆ ತವರಿನ ಅಣ್ಣ. ಅಣ್ಣನನ್ನು ಹರಸದೆ ಹಾಡು ಮುಗಿಸಿದರೆ ತವರಿಗೆ ಕೇಡು ಬಯಸಿದ ಹಾಗೆ. ಆ ಅಣ್ಣ ಎಂಥವನು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಹಳ್ಳಿ ಹೆಂಗಸರ ಹಾಡು, ಕಥೆ, ಬದುಕನ್ನು ಅವರ ಬಾಯಲ್ಲೇ ರೆಕಾರ್ಡ್ ಮಾಡಿ ಉಳಿಸುವ ಕೆಲಸಕ್ಕೆ ಸೇರಿದಾಗ ನಾನು ಮೊದಲು ಹೋದದ್ದು ಸರಸಂಬಾಕ್ಕೆ, ನನ್ನ ಸೋದರತ್ತೆಯ ಮನೆಗೆ. ಅವರ ಮನೆಯ ಹಿಟ್ಟು ಗಿರಣಿಯಿಂದ ಬರತೊಡಗಿ ಎಷ್ಟೋ ಕಾಲವಾಗಿದೆ. ಆದರೂ ಹಾಡಿಗೆಂದೇ ಅತ್ತೆ ಹಿತ್ತಲಲ್ಲಿದ್ದ ಬೀಸುಕಲ್ಲು ತೊಳೆದು, ಹಿಡಿ ಜೋಳ ಹಾಕಿಕೊಂಡು ಕೂತಳು. ದೇವರು ಆಯಿತು, ಕಲ್ಲು ಆಯಿತು, ಅವ್ವನೂ ಆದಳು. ಅಲ್ಲಿಗೆ ಗೂಟದಿಂದ ಕೈ ತೆಗೆದುಬಿಟ್ಟಳು.

"ಅಣ್ಣನ ಪದ, ಅತ್ತಿ?"

"ನಿಮ್ಮಪ್ಪನ ಮ್ಯಾಲ ನಾ ಹಾಡಂಗಿಲ್ಲ. ಗಂಡ ಬಡದ ಮೈ ತಗೊಂಡು ತವರಿಗಂತ ಕರಜಗಿಗೆ ಬಂದ್ರ, ಹೊಸ್ತಿಲಾ ದಾಟಗೊಡದ ತಿರುಗಿ ಬಸ್ ಹತ್ತಿಸ್ಯಾನ. ನಾ ಯಾಕ ಹಾಡಲಿಲ್ಲ ಅನ್ನೂದು ಮಂದಿಗೆ ಗೊತ್ತಾಗ್ಲಿ. ಇಷ್ಟ ಉಳಿಸು ಬೇ, ಸಾಕು."

ನನ್ನಪ್ಪ! ಊರವರ ನ್ಯಾಯ ಬಗೆಹರಿಸುವ ದೊಡ್ಡ ಮನುಷ್ಯ. ಹಾಡನ್ನೂ ಈ ಮಾತನ್ನೂ ಜೇವರ್ಗಿಯ ನಮ್ಮ ಆಫೀಸಿಗೆ ಕೊಟ್ಟು, ಹೇಗಿದೆಯೋ ಹಾಗೇ ಇಡಬೇಕು ಎಂದು ಹೇಳಿ ಬಂದೆ.

ಅಲ್ಲಿನ ಸಾಹೇಬರು ಹಾಡುಗಳನ್ನು ಹೊರತಂದಾಗ ಅತ್ತೆಯ ಮಾತು ಅದರಲ್ಲಿರಲಿಲ್ಲ. ಹಾಡಿನ ತುದಿಗೆ ಬೇರೆ ಯಾವುದೋ ಊರಿನ ಮುದುಕಿ ಹಾಡಿದ ಅಣ್ಣನ ಪದ ಅಂಟಿಸಿದ್ದರು. ಜಗಳಕ್ಕೇ ಹೋದೆ.

"ಹಾಡು ಅರ್ಧಕ್ಕ ನಿಂತಿತ್ರಿ ಮೇಡಂ, ಪೂರಾ ಮಾಡೀವಿ. ಮನಿ ಜಗಳ ಮಂದಿಗ್ಯಾಕ ಬೇಕ್ರಿ?" ಎಂದರು.

ಹೆಂಗಸರ ಬದುಕು ಉಳಿಸುತ್ತಾರಂತೆ! ಉಪ್ಪು ಖಾರ ತೆಗೆದು ಬಡಿಸುವುದಕ್ಕೆ ಇಷ್ಟು ದೊಡ್ಡ ಹೆಸರು.

ಅಪ್ಪ ಈಗ ಆ ಹಾಡನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾನೆ. ಕಟ್ಟೆಗೆ ಬಂದವರಿಗೆಲ್ಲ ಹಾಕಿ ಕೇಳಿಸಿ, "ನಮ್ಮ ತಂಗಿ ನನ್ನ ಮ್ಯಾಲ ಹಾಡ್ಯಾಳ್ರಿ" ಎಂದು ಕಣ್ಣೊರೆಸಿಕೊಳ್ಳುತ್ತಾನೆ. ಅಣ್ಣನ ಪದ ಹಾಡಿದ ದನಿ ಅವಳದಲ್ಲ ಎಂದು ನಾನು ಎಲ್ಲರೆದುರೇ ಹೇಳಿದೆ. "ವಯಸ್ಸಾತು, ದನಿ ಒಡದದ" ಎಂದ.

ಅತ್ತೆಗೂ ಕೇಳಿಸಲೇಬೇಕಾಯಿತು. ಮೊಬೈಲನ್ನು ಕಿವಿಗೆ ಹಚ್ಚಿಕೊಂಡು ಕೊನೆಯವರೆಗೂ ಕೇಳಿದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಕಡೀಕ ಹಾಡಿದಾಕಿ ಯಾರ ಬೇ?"

ಗೊತ್ತಿಲ್ಲವೆಂದೆ.

"ಆಕಿ ಅಣ್ಣ ಛಲೋ ಮನಷ್ಯಾ ಇದ್ದಿರಬೇಕು" ಎಂದು ಮೊಬೈಲ್ ನನ್ನ ಕೈಗಿಟ್ಟಳು.