ಬೆಂಚು ಬಿಟ್ಟೆದ್ದ ಪುಸೊ

ಡಿಯೊನೆಲ್ ತಾಂಪುಸ್ ಮನೆ ಎಲ್ಲಿ ಎಂದು ಕಾರ್ಕಾರ್ ಪೇಟೆಯಲ್ಲಿ ಕೇಳಿದರೆ ಯಾರೂ ತೋರಿಸುವುದಿಲ್ಲ. ಪುಸೊ ಮನೆ ಎಂದರೆ ಕೈಹಿಡಿದು ಬಾಗಿಲ ತನಕ ಬಿಟ್ಟು ಬರುತ್ತಾರೆ. ತೆಂಗಿನ ಗರಿಯಲ್ಲಿ ಹೆಣೆದ ಪುಟ್ಟ ಗೂಡಿಗೆ ಅಕ್ಕಿ ತುಂಬಿ ಬೇಯಿಸಿದ ಅನ್ನದ ಗಂಟೇ ಪುಸೊ. ಗಿಡ್ಡಗೆ, ಗಟ್ಟಿಯಾಗಿ, ಒತ್ತೊತ್ತಾಗಿ ತುಂಬಿಕೊಂಡಿರುತ್ತದೆ. ಡಿಯೊನೆಲ್ ಚಿಕ್ಕಂದಿನಲ್ಲಿ ಥೇಟ್ ಹಾಗೇ ಇದ್ದ. ಹಗಲು ನನ್ನದು ಕ್ಷೌರದಂಗಡಿ. ಸಂಜೆ ನಮ್ಮ ಕೇರಿಯ ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಮೈಕು ಹಿಡಿದು ಆಟ ಕೂಗುವ ಕೆಲಸ. ಆಟಗಾರರಿಗೆ ಅಡ್ಡಹೆಸರಿಡುವುದು ಮೈಕಿನವನ ಹಕ್ಕು. ಆ ಹಕ್ಕನ್ನು ನಾನು ಧಾರಾಳವಾಗಿ ಚಲಾಯಿಸಿದ್ದೇನೆ.

ಮನಿಲಾದವರ ಮಾತಿನಲ್ಲಿ ಪುಸೊ ಎಂದರೆ ಹೃದಯ. ಸೆಬು ನಗರದ ಕಾಲೇಜು ತಂಡದಲ್ಲಿ ಮೆರೆದ ಹುಡುಗ ಮನಿಲಾದ ದೊಡ್ಡ ಲೀಗಿಗೆ ಆಯ್ಕೆಯಾದಾಗ ಟೀವಿಯಲ್ಲಿ ವಿವರಣೆ ಕೊಡುವವನು ಗದ್ಗದನಾಗಿಬಿಟ್ಟ. "ಹೆಸರೇ ಹೇಳುತ್ತೆ ನೋಡಿ, ಈ ಹುಡುಗ ಅಂದ್ರೆ ಬರೀ ಹೃದಯ!" ಎಂದ. ನನ್ನ ಅಂಗಡಿಯಲ್ಲಿ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. "ಅನ್ನದ ಗಂಟು ಕಣಯ್ಯಾ, ಅನ್ನದ ಗಂಟು!"

ಆಯ್ಕೆಯೇನೋ ಆಯಿತು, ಆಟ ಸಿಗಲಿಲ್ಲ. ಚೆಂಡು ಹಿಡಿದು ಆಟ ನಡೆಸುವ ಗಾರ್ಡು ಅವನು, ಎತ್ತರ ಐದಡಿ ಏಳಂಗುಲ. ಅವನ ಮುಂದೆ ಇಬ್ಬರು ಹೆಸರಾಂತ ಗಾರ್ಡುಗಳು, ಇಬ್ಬರೂ ಅವನಿಗಿಂತ ಎತ್ತರ, ಇಬ್ಬರಿಗೂ ಶಾಂಪೂ ಜಾಹೀರಾತು. ಪುಸೊ ಬೆಂಚಿನ ತುದಿಯಲ್ಲಿ ಕೂತ. ಸುಮ್ಮನೆ ಕೂರುವ ಜಾಯಮಾನ ಅವನದಲ್ಲ. ತಂಡದವರು ಒಂದು ಬುಟ್ಟಿ ಹಾಕಿದರೆ ಎದ್ದು ನಿಂತು ಟವಲನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸುತ್ತಿದ್ದ. ಮೂರು ಅಂಕದ ಬುಟ್ಟಿಯಾದರೆ ಬೆಂಚಿನ ಮೇಲೇ ಹತ್ತುತ್ತಿದ್ದ. ಕ್ಯಾಮೆರಾದವನಿಗೆ ಅದು ಇಷ್ಟವಾಯಿತು, ಜನರಿಗೆ ಇನ್ನೂ ಇಷ್ಟವಾಯಿತು. ಎರಡನೇ ವರ್ಷಕ್ಕೆ ಅವನು 'ಟವಲ್ ಪುಸೊ' ಎಂದು ದೇಶಕ್ಕೆಲ್ಲ ಗೊತ್ತಾದ. ಮಾಲ್‌ಗಳಲ್ಲಿ ಜನ ಟವಲ್ ಕೈಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕಾರ್ಕಾರ್ ಮಾರುಕಟ್ಟೆಯಲ್ಲಿ ಅವನ ಹೆಸರಿನ ಟವಲುಗಳು ಮಾರಾಟಕ್ಕೆ ಬಂದವು. ಆಡದೆಯೇ ಹೆಸರು ಮಾಡಿದ ಆಟಗಾರ ನಮ್ಮೂರಿನಲ್ಲಿ ಅವನೊಬ್ಬನೇ.

ನಾಲ್ಕನೇ ವರ್ಷ ಮನಿಲಾದಲ್ಲಿ ಒಬ್ಬ ಗಾರ್ಡಿಗೆ ಕಾಲು ಉಳುಕಿ, ಇನ್ನೊಬ್ಬನಿಗೆ ಜ್ವರ ಹತ್ತಿ, ಪುಸೊಗೆ ಒಂದು ಇಡೀ ಪಂದ್ಯ ದಕ್ಕಿತು. ಚೆನ್ನಾಗಿ ಆಡಿದ. ಮುಂದಿನ ಪಂದ್ಯಕ್ಕೆ ಜ್ವರದವನು ಎದ್ದು ಬಂದ, ಪುಸೊ ಮತ್ತೆ ಟವಲ್ ಹಿಡಿದ. ಆದರೆ ಆ ಒಂದು ಪಂದ್ಯದ ವಿಡಿಯೊವನ್ನು ಜಪಾನಿನಲ್ಲಿ ಯಾರೋ ನೋಡಿದ್ದರು. ಮೇ ತಿಂಗಳಲ್ಲಿ ಅವನು ಊರಿಗೆ ಬರುವ ಹೊತ್ತಿಗೆ ಕೈಯಲ್ಲಿ ಎರಡು ಕರೆಗಳಿದ್ದವು. ಮನಿಲಾದ ತಂಡ ಇನ್ನೂ ಎರಡು ವರ್ಷ ಇರು ಎನ್ನುತ್ತಿತ್ತು. ಜಪಾನಿನ ಉತ್ತರದಲ್ಲಿ ಮಾರುದ್ದ ಹಿಮ ಬೀಳುವ ಊರಿನ ಎರಡನೇ ದರ್ಜೆಯ ತಂಡವೊಂದು, ಬಾ, ನಮ್ಮಲ್ಲಿ ನೀನೇ ಮೊದಲ ಗಾರ್ಡು ಎನ್ನುತ್ತಿತ್ತು.

ಸುದ್ದಿ ನನ್ನ ಅಂಗಡಿಗೆ ಬಂದದ್ದು ಅವನ ತಾಯಿ ಬೀನಿಂಗ್ ಮೂಲಕ. ಹುರಿದ ಹಂದಿಚರ್ಮ ಮಾರುವ ಹೆಂಗಸು. ಅವಳ ಚಿಚರೊನ್‌ಗೆ ಸೆಬುವಿನಿಂದ ಬಸ್ಸು ಹತ್ತಿ ಬರುವವರಿದ್ದಾರೆ. ಹಿರಿಯರನ್ನು ನೊಂಗ್, ಕಿರಿಯ ಹುಡುಗರನ್ನು ದೊಂಗ್ ಎನ್ನುವುದು ನಮ್ಮ ಕಡೆಯ ರೂಢಿ. ಬುಟ್ಟಿ ಇಳಿಸಿ ಬಾಗಿಲಲ್ಲೇ ನಿಂತು ಶುರುಮಾಡಿದಳು.

"ನೊಂಗ್ ತೆರ್ಯೊ, ನೀವೇ ಹೇಳಿ. ಎಸಿಯಲ್ಲಿ ಕೂರಿಸ್ತಾರೆ, ಕುಡಿಯೋಕೆ ಜ್ಯೂಸ್ ಕೊಡ್ತಾರೆ, ಮೈಗೊಂದು ಪೆಟ್ಟು ಬೀಳಲ್ಲ, ತಿಂಗಳಾದ್ರೆ ಸಂಬಳ. ಅಂಥಾ ಕೆಲಸ ಬಿಟ್ಟು ಹಿಮದಲ್ಲಿ ಓಡೋಕೆ ಹೋಗ್ತೀನಿ ಅಂತಾನೆ. ಯಾವತ್ತೋ ತಲೆ ಮೇಲೆ ಚೆಂಡು ಬಿದ್ದಿರ್ಬೇಕು ಇವನಿಗೆ."

"ಹಿಮದಲ್ಲಿ ಓಡಲ್ಲ ಬೀನಿಂಗ್, ಒಳಗಡೆ ಆಡ್ತಾರೆ," ಎಂದೆ.

"ಒಳಗಡೆ ಹೋಗೋಕೆ ಹೊರಗಡೆಯಿಂದ ತಾನೇ ಬರ್ಬೇಕು?"

ನಾನು ಅವಳ ಬುಟ್ಟಿಯಿಂದ ಒಂದು ಚೂರು ಚಿಚರೊನ್ ತೆಗೆದು ಬಾಯಿಗೆ ಹಾಕಿಕೊಂಡೆ.

ಅಂಗಡಿ ಎರಡು ಪಕ್ಷವಾಯಿತು. ಇಲ್ಲಿದ್ದರೆ ಟೀವಿಯಲ್ಲಿ ಕಾಣುತ್ತಾನೆ, ನಾಳೆ ಆಟ ಬಿಟ್ಟ ಮೇಲೆ ಪಾಲಿಕೆ ಚುನಾವಣೆಗೆ ನಿಲ್ಲಬಹುದು ಎಂಬುದು ಒಂದು ಪಕ್ಷ. ನಮ್ಮ ಲೀಗು ನಮಗೆ ಸಾಲದೇ ಹೋಯಿತೇ ಎಂದು ಮುನಿಸಿಕೊಂಡವರೂ ಇದೇ ಪಕ್ಷದಲ್ಲಿದ್ದರು. ಆಡುವವನು ಆಡುವ ಕಡೆ ಹೋಗಲಿ ಎಂಬುದು ಇನ್ನೊಂದು. ಪುಸೊ ಮಾತ್ರ ಯಾವ ಪಕ್ಷಕ್ಕೂ ಸೇರದೆ, ಸಿಕ್ಕವರ ಹತ್ತಿರವೆಲ್ಲ ಹಲ್ಲು ಕಿರಿಯುತ್ತಾ ಓಡಾಡುತ್ತಿದ್ದ. ಮನಿಲಾದ ಕೋಚ್ ವಿರ್ಹಿಲಿಯೊ ಅವನನ್ನು ಹುಡುಕಿ ತೆಗೆದವರು. ಅವರ ಮುಖ ನೋಡಿ ಹೋಗ್ತೀನಿ ಎನ್ನಲು ಬಾಯಿ ಬರುವುದಿಲ್ಲ ಎಂದು ಒಮ್ಮೆ ನನ್ನಲ್ಲಿ ಹೇಳಿಕೊಂಡಿದ್ದ.

ಅವನ ಹೆಂಡತಿ ಆರ್ಸೆಲಿ ಚಪ್ಪಲಿ ಅಂಗಡಿಯಲ್ಲಿ ಹೊಲಿಗೆ ಕೆಲಸದವಳು. ಕಡಿಮೆ ಮಾತು. ಒಂದು ಸಂಜೆ ಅತ್ತೆ ಇನ್ನೂ ಎಸಿಯ ಗುಣಗಾನ ಮಾಡುತ್ತಿದ್ದಾಗ ದಾರ ಕಚ್ಚಿ ತುಂಡುಮಾಡಿ ಹೇಳಿದಳು: "ಅಮ್ಮಾ, ನಾನು ಮದುವೆಯಾಗಿದ್ದು ಆಟಗಾರನ್ನ. ಟವಲ್ ಬೀಸೋನು ಬೇಕಾಗಿದ್ರೆ ನಮ್ಮ ಬೀದೀಲೇ ಬೇಕಾದಷ್ಟು ಜನ ಇದ್ರು."

ಸಾನ್ ಇಸಿದ್ರೊ ಹಬ್ಬದ ಪಂದ್ಯ ಬಂತು. ಮೇಲಿನ ಕೇರಿಗೂ ನಮ್ಮ ಕೆಳಗಿನ ಕೇರಿಗೂ ಪ್ರತಿವರ್ಷ ನಡೆಯುವ ಜಿದ್ದಾಜಿದ್ದಿ. ಮನಿಲಾದ ಆಟಗಾರ ಊರಲ್ಲಿದ್ದಾನೆಂದ ಮೇಲೆ ಬಿಡುತ್ತಾರೆಯೇ? ಅಂಕಣದ ಸುತ್ತ ಮರ, ಮಾಡು, ಟ್ರೈಸಿಕಲ್ ಮೇಲೆಲ್ಲ ಜನ. ನಾನು ಮೈಕಿನಲ್ಲಿ ಗಂಟಲು ಹರಿದುಕೊಂಡು ಅವನ ಹೆಸರು ಕೂಗಿದೆ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ನನಗೆ ಕಸಿವಿಸಿಯಾಯಿತು. ಅವನ ಕಾಲು ಓಡುತ್ತಿತ್ತು, ಕೈ ಓಡುತ್ತಿರಲಿಲ್ಲ. ಮುಂದೆ ಒಂದು ಸಂದು ಕಂಡರೆ ನುಗ್ಗಲೋ ಬೇಡವೋ ಎಂದು ಯೋಚಿಸುತ್ತಿದ್ದ. ಯೋಚಿಸುವಷ್ಟರಲ್ಲಿ ಸಂದು ಮುಚ್ಚಿರುತ್ತಿತ್ತು. ಮೇಲಿನ ಕೇರಿಯಲ್ಲಿ ಗೇಟು ಬೆಸುಗೆ ಹಾಕುವ ನಾರ್ಸಿಂಗ್ ಅವನ ಕೈಯಿಂದ ಚೆಂಡು ಕಸಿದುಕೊಂಡ. ಇನ್ನೊಮ್ಮೆ ಕಸಿದುಕೊಂಡ. ಮೂರನೇ ಸಲ ಕಸಿದಾಗ ಮಾಡಿನ ಮೇಲಿಂದ ಒಂದು ಟವಲ್ ಹಾರಿಬಂದು ಪುಸೊ ಕಾಲ ಬಳಿ ಬಿತ್ತು.

"ಪುಸೊ, ನಿನಗೆ ಬರೋದನ್ನ ಮಾಡೋ!"

ಜನ ಹೋ ಎಂದು ನಕ್ಕರು. ಪುಸೊನೂ ನಕ್ಕ. ಟವಲ್ ಎತ್ತಿ ತಲೆಯ ಮೇಲೆ ಗಿರಗಿರನೆ ತಿರುಗಿಸಿದ. ಚಪ್ಪಾಳೆಯೋ ಚಪ್ಪಾಳೆ. ನಮ್ಮ ಕೇರಿ ಸೋತರೂ ಆ ದಿನ ಯಾರಿಗೂ ಬೇಜಾರಾಗಲಿಲ್ಲ, ಅವನೊಬ್ಬನಿಗೆ ಬಿಟ್ಟು.

ಮರುದಿನ ಅಂಗಡಿ ತೆರೆಯುವ ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದ. "ಬೋಳಿಸಿಬಿಡಿ ನೊಂಗ್."

"ಪೂರ್ತಿನಾ ದೊಂಗ್? ಯಾಕೆ, ಹರಕೆಯಾ?"

"ಅಲ್ಲಿ ಕ್ಷೌರ ತುಂಬಾ ದುಬಾರಿಯಂತೆ."

ಕತ್ತರಿ ನನ್ನ ಕೈಯಲ್ಲೇ ನಿಂತಿತು. ಕನ್ನಡಿಯಲ್ಲಿ ನನ್ನ ಮುಖ ನೋಡಿ ಅವನೇ ಮುಂದುವರಿಸಿದ. "ನಾರ್ಸಿಂಗ್ ಒಳ್ಳೇವನೇ, ನೊಂಗ್. ಆದ್ರೆ ಬೆಸುಗೆ ಹಾಕೋನು. ನಿನ್ನೆ ಅವನ ಮುಂದೆ ನಂಗೆ ಭಯ ಆಯ್ತು. ಚೆಂಡು ಬೇರೆಯವರಿಗೆ ಹೋಗ್ಲಿ ದೇವ್ರೇ ಅಂತ ಬೇಡ್ಕೊಳ್ತಿದ್ದೆ. ಇನ್ನೆರಡು ವರ್ಷ ಹೀಗೇ ಕೂತ್ರೆ ಚೆಂಡು ನೋಡಿದ್ರೆ ಓಡ್ಹೋಗ್ತೀನಿ."

"ಕೋಚ್‌ಗೆ ಹೇಳಿದ್ಯಾ?"

"ಬೆಳಿಗ್ಗೇನೇ ಫೋನ್ ಮಾಡ್ದೆ. ಮೂರು ಸಲ ಬೈದ್ರು. ಆಮೇಲೆ ದಪ್ಪ ಕಾಲುಚೀಲ ತಗೊಂಡ್ಹೋಗು ಅಂದ್ರು."

ಜೂನ್ ಮುಗಿಯುವಷ್ಟರಲ್ಲಿ ಅವನು ಹೊರಟುಹೋದ. ಆರ್ಸೆಲಿಗೆ ಆಗ ಏಳು ತಿಂಗಳು. ಹೆರಿಗೆಯಾಗಿ ಮಗು ಸ್ವಲ್ಪ ಗಟ್ಟಿಯಾದ ಮೇಲೆ ಹೋಗುವುದೆಂದು ಮಾತಾಯಿತು. ಬೀನಿಂಗ್ ಮಾತ್ರ ವಿಮಾನ ನಿಲ್ದಾಣಕ್ಕೂ ಬರಲಿಲ್ಲ.

ಮೊದಲ ತಿಂಗಳುಗಳು ಅವನಿಗೆ ಹಣ್ಣುಗಾಯಿ ನೀರುಗಾಯಿ. ನನ್ನ ಅಂಗಡಿಯ ಗೋಡೆಗೆ ಫೋನು ಒರಗಿಸಿ ನಾವು ಅವನ ಪಂದ್ಯ ನೋಡುತ್ತಿದ್ದೆವು. ಚಿತ್ರ ನಿಂತು ನಿಂತು ಬರುತ್ತಿತ್ತು. ಪ್ರತಿಸಲ ನಿಂತಾಗಲೂ ಚೆಂಡು ಎದುರಾಳಿಯ ಕೈಯಲ್ಲೇ ಇರುತ್ತಿತ್ತು. ತಂಡ ಸೋಲುತ್ತಲೇ ಹೋಯಿತು. ಒಂದು ದಿನ ವಿಡಿಯೊ ಕರೆಯಲ್ಲಿ ಅವನ ಮುಖ ಬಾಡಿತ್ತು.

"ಏನಾಯ್ತೋ? ಜನ ಬೈತಾರಾ?"

"ಬೈದ್ರೆ ಎಷ್ಟೋ ವಾಸಿ ನೊಂಗ್! ಚೆಂಡು ಕಳ್ಕೊಂಡ್ರೂ ಚಪ್ಪಾಳೆ ತಟ್ತಾರೆ. ಸೋತು ಬಾಗಿಲಿಗೆ ಬಂದ್ರೆ ಸಾಲಾಗಿ ನಿಂತು ತಲೆಬಾಗ್ತಾರೆ. ನಮ್ಮೂರಲ್ಲಾಗಿದ್ರೆ ಚಪ್ಪಲಿ ಬೀಳ್ತಿತ್ತು, ಆಗ ನಿದ್ದೆಯಾದ್ರೂ ಬರ್ತಿತ್ತು."

ಆ ಸಾಲಿನಲ್ಲಿ ಕುವಬಾರ ಎಂಬ ಮುದುಕಿಯೊಬ್ಬಳಿದ್ದಳು. ಭತ್ತ ಬೆಳೆಯುವ ಮನೆಯವಳು, ಗಂಡ ತೀರಿಹೋಗಿದ್ದಾನೆ, ಊರಿನ ತಂಡದ ಪ್ರತಿ ಪಂದ್ಯಕ್ಕೂ ಮುಂದಿನ ಸಾಲಿನಲ್ಲಿ ಕೂತು ಉಲ್ಲನ್ ಹೆಣೆಯುತ್ತಾಳೆ. ದುಭಾಷಿಯನ್ನು ಹಿಡಿದು ತಂದು, ಪುಸೊ ಎಂದರೇನು ಎಂದು ಕೇಳಿದಳಂತೆ. ಇವನು ಫೋನಿನಲ್ಲಿ ಅನ್ನದ ಗಂಟಿನ ಚಿತ್ರ ತೋರಿಸಿದ. ಮುದುಕಿ ಕಣ್ಣರಳಿಸಿ ನೋಡಿ ಹೊರಟುಹೋದಳು. ಮುಂದಿನ ಪಂದ್ಯಕ್ಕೆ ಬಿದಿರೆಲೆಯಲ್ಲಿ ಸುತ್ತಿ ಹುಲ್ಲಿನ ದಾರದಿಂದ ಕಟ್ಟಿದ ಅಕ್ಕಿಯ ಉಂಡೆಗಳನ್ನು ಒಂದು ಗೊಂಚಲು ತಂದು ಅವನ ಕೊರಳಿಗೇ ಹಾಕಿದಳು. ನಮ್ಮಲ್ಲೂ ನೀನಿದ್ದೀಯ ಎಂದಳಂತೆ.

ಪುಸೊ ಅದರ ಫೋಟೊ ತಾಯಿಗೆ ಕಳಿಸಿದ. ಬೀನಿಂಗ್ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. "ಗಂಟು ಸಡಿಲ ಆಯ್ತು," ಎಂದಳು. ಫೋನನ್ನು ಆರ್ಸೆಲಿ ಕೈಗಿಟ್ಟು, "ಆ ಹೆಂಗಸಿಗೆ ಒಂದು ಪೊಟ್ಟಣ ಚಿಚರೊನ್ ಕಳಿಸೋಕಾಗುತ್ತಾ ಕೇಳು," ಎಂದಳು.

ಕೈ ಯಾವಾಗ ತಿರುಗಿತೆಂದು ಅವನಿಗೇ ಗೊತ್ತಿಲ್ಲ. ದಿನವೂ ಆಡಬೇಕು, ಬೇರೆ ದಾರಿಯಿಲ್ಲ. ಹೆದರಿಕೊಂಡು ಕೂರಲು ಬೆಂಚೇ ಇಲ್ಲ. ಜನವರಿ ಹೊತ್ತಿಗೆ ಗೋಡೆಯ ಫೋನಿನಲ್ಲಿ ಚೆಂಡು ಅವನ ಕೈಯಲ್ಲೇ ಕಾಣತೊಡಗಿತು. ಸಂದು ಕಂಡರೆ ನುಗ್ಗುತ್ತಿದ್ದ, ಎದುರಿನವರ ಕಂಕುಳಡಿ ನುಸುಳಿ ಆಚೆ ಕಡೆ ಏಳುತ್ತಿದ್ದ. ಗೇಟಿನ ಕೆಲಸ ಬಿಟ್ಟು ನೋಡಲು ಬಂದಿದ್ದ ನಾರ್ಸಿಂಗ್, "ಇವನ್ನ ಈಗ ನನ್ನ ಮುಂದೆ ನಿಲ್ಸಬೇಡ್ರಪ್ಪಾ, ಮರ್ಯಾದೆ ಹೋಗುತ್ತೆ," ಎಂದ.

ಆರ್ಸೆಲಿ ಮಗಳನ್ನೆತ್ತಿಕೊಂಡು ಅಲ್ಲಿಗೆ ಹೋದಳು. ಎರಡನೇ ಋತು ಮುಗಿಯುವಾಗ ಕೋಚ್ ವಿರ್ಹಿಲಿಯೊ ಅವರಿಂದ ಫೋನು ಬಂತು. ಆ ಶಾಂಪೂ ಗಾರ್ಡುಗಳಲ್ಲಿ ಒಬ್ಬ ನಿವೃತ್ತನಾಗಿದ್ದ. ಬಾ, ಮೊದಲ ಗಾರ್ಡು ನೀನೇ ಎಂದರು.

ಸುದ್ದಿ ತಿಳಿದು ಕಾರ್ಕಾರ್‌ನಲ್ಲಿ ಹಬ್ಬ. ಬೇಡಿದ್ದು ಕಾಲಬುಡಕ್ಕೇ ಬಂದಿದೆ, ಇನ್ನು ಯೋಚನೆ ಏನಿದೆ? ನಾನೂ ಹಾಗೇ ಅಂದುಕೊಂಡಿದ್ದೆ. ಪುಸೊ ಬೇಸಿಗೆಗೆ ಊರಿಗೆ ಬಂದವನು ಮೂರು ದಿನ ಬಾಯಿಬಿಡಲಿಲ್ಲ. ನಾಲ್ಕನೇ ದಿನ ನನ್ನ ಅಂಗಡಿಯಿಂದಲೇ ಕೋಚ್‌ಗೆ ಕರೆ ಮಾಡಿ ಸ್ಪೀಕರ್ ಹಾಕಿದ.

"ಕೋಚ್, ನೀವು ಕರೆದಿದ್ದು ನನ್ನ ಭಾಗ್ಯ. ಆದ್ರೆ ಆ ತಂಡ ಈಗ ತಾನೇ ಗೆಲ್ಲೋದು ಕಲೀತಾ ಇದೆ. ನಡುವೆ ಬಿಟ್ಟು ಬರೋಕೆ ಮನಸ್ಸಾಗ್ತಿಲ್ಲ."

ಗಡ್ಡಕ್ಕೆ ಕೂತವನು ನೊರೆಯ ಜೊತೆಗೇ ಉಸಿರು ಹಿಡಿದಿದ್ದ.

"ಎರಡನೇ ದರ್ಜೆ ಲೀಗಲ್ಲಿ ಏನೋ ಇದೆ, ಹುಚ್ಚಾ?" ಎಂದರು ಕೋಚ್.

"ಆಟ ಇದೆ, ಕೋಚ್."

"ಹೂಂ." ಅವರ ದನಿ ಇಳಿಯಿತು. "ಹಾಗಾದ್ರೆ ಒಂದು ಮಾತು. ನಿನ್ನ ಜಾಗದಲ್ಲಿ ಬೊಹೋಲ್‌ನ ಹುಡುಗ ಒಬ್ಬ ಕೂತಿದ್ದಾನೆ. ಒಳ್ಳೇ ಆಟಗಾರ, ನಮ್ಮಲ್ಲಿ ಅವನಿಗೆ ಸರದಿ ಬರಲ್ಲ. ಅವನಿಗೂ ಟವಲ್ ಬೀಸೋದು ಕಲ್ಸೋಕೆ ನನಗಿಷ್ಟ ಇಲ್ಲ. ಅಲ್ಲೆಲ್ಲಾದ್ರೂ ಒಂದು ಜಾಗ ಇದ್ರೆ ನೋಡು."

"ನೋಡ್ತೀನಿ ಕೋಚ್," ಎಂದ ಪುಸೊ ಫೋನಿಟ್ಟು ಮುಖ ತೊಳೆಯಲು ಹಿತ್ತಲಿಗೆ ಹೋದ. ಆ ಬೊಹೋಲ್ ಹುಡುಗ ಈಗ ಜಪಾನಿನ ಇನ್ನೊಂದು ಊರಲ್ಲಿ ಆಡುತ್ತಿದ್ದಾನೆ.

ಮರುವರ್ಷ ಬೀನಿಂಗ್ ಮೊದಲ ಬಾರಿಗೆ ವಿಮಾನ ಹತ್ತಿದಳು, ಜೊತೆಗೆ ನಾನು. ಅವಳ ಚೀಲದ ತುಂಬ ಚಿಚರೊನ್. ಹಂದಿಯ ಪದಾರ್ಥ ಜಪಾನಿಗೆ ಬಿಡುವುದಿಲ್ಲ, ಅಲ್ಲಿ ಕಿತ್ತು ಬಿಸಾಡುತ್ತಾರೆ ಎಂದು ನಿಲ್ದಾಣದಲ್ಲೇ ತಿಳಿಯಿತು. "ಬಿಸಾಡ್ತಾರಾ? ನಾನು ಹುರಿದಿದ್ದನ್ನ?" ಎಂದವಳೇ ಪೊಟ್ಟಣ ಬಿಚ್ಚಿ ಸಾಲಿನಲ್ಲಿ ನಿಂತವರಿಗೆಲ್ಲ ಹಂಚಿದಳು. ಚೀಲ ಪರೀಕ್ಷಿಸುವವನಿಗೂ ಒಂದು ಹಿಡಿ ಕೊಟ್ಟಳು. ನಮ್ಮ ಸಾಲು ಕರುಂಕುರುಂ ಎನ್ನುತ್ತಾ ಮುಂದೆ ಸಾಗಿತು.

ಆ ಹಿಮದೂರಿನ ಒಳಾಂಗಣದಲ್ಲಿ ಅವಳನ್ನು ಕುವಬಾರ ಪಕ್ಕ ಕೂರಿಸಿದರು. ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬಾರದು. ಮಗ ಹೀಗೆ ಇಡೀ ಪಂದ್ಯ ಆಡುವುದನ್ನು ಬೀನಿಂಗ್ ಕಣ್ಣಾರೆ ನೋಡಿರಲೇ ಇಲ್ಲ. ಮೊದಲಿಗೆ ಕೈಕಟ್ಟಿ ಕೂತಿದ್ದಳು. ಪುಸೊನನ್ನು ಯಾರೋ ದೂಡಿ ಬೀಳಿಸಿದರು, ರೆಫರಿ ಶಿಳ್ಳೆ ಊದಲಿಲ್ಲ. ಬೀನಿಂಗ್ ಎದ್ದಳು. ಕಾರ್ಕಾರ್ ಮಾರುಕಟ್ಟೆಯಲ್ಲಿ ತೂಕ ಕಡಿಮೆ ಹಾಕಿದವರಿಗೆ ಸಲ್ಲುವ ಬೈಗುಳವೆಲ್ಲ ಆ ರೆಫರಿಗೆ ಸಂದಿತು. ಚಪ್ಪಾಳೆ ಬಿಟ್ಟು ಬೇರೆ ಸದ್ದೇ ಕೇಳದ ಆ ಜಾಗ ಗಕ್ಕನೆ ಸ್ತಬ್ಧವಾಯಿತು. ಪುಸೊ ನೆಲದಲ್ಲಿ ಕೂತಲ್ಲೇ ಮುಖ ಮುಚ್ಚಿಕೊಂಡ. ಆರ್ಸೆಲಿ ಮಗಳ ಕಿವಿ ಮುಚ್ಚಿದಳು. ಆಗ ಕುವಬಾರ ಹೆಣಿಗೆಯನ್ನು ಮಡಿಲಿಂದ ತೆಗೆದಿಟ್ಟು, ನಿಧಾನಕ್ಕೆ ಎದ್ದು, ಬೀನಿಂಗ್ ಪಕ್ಕ ನಿಂತು, ತನ್ನ ಭಾಷೆಯಲ್ಲಿ ರೆಫರಿಗೆ ಒಂದೇ ಒಂದು ಮಾತು ಕೂಗಿದಳು. ಅದೇನೆಂದು ದುಭಾಷಿಯನ್ನು ಕೇಳಿದೆ. ಅವನು ನಾಚಿ ಕೆಂಪಾದ, ಹೇಳಲಿಲ್ಲ.