ಕಂಬದ ಹಿಂದಿನ ಹಳದಿ

ಕಂಪನಿಗಳ ಸಮಾರಂಭಕ್ಕೆ ವೇದಿಕೆಯಿಂದ ಹಿಡಿದು ವಿಡಿಯೊವರೆಗೆ ಎಲ್ಲವನ್ನೂ ಒಂದೇ ಬಣ್ಣದಲ್ಲಿ ಹೊಂದಿಸಿಕೊಡುವ ಈ ಮನುಷ್ಯನಿಗೆ ಕೆಲಸಗಾರರೆಲ್ಲ ಸೇರಿ ಇಟ್ಟ ಹೆಸರು ಮ್ಯಾಚಿಂಗ್ ಮಾಮ. ನೀಲಿ ಎಂದು ಒಮ್ಮೆ ಗೊತ್ತುಮಾಡಿದನೆಂದರೆ ಮುಗಿಯಿತು, ವೇದಿಕೆಯ ಪರದೆ ನೀಲಿ, ಕುರ್ಚಿಯ ಹೊದಿಕೆ ನೀಲಿ, ವಿಡಿಯೊದಲ್ಲಿ ಓಡುವ ಅಕ್ಷರ ನೀಲಿ, ಕೊನೆಗೆ ನೀರಿನ ಬಾಟಲಿಯ ಮುಚ್ಚಳವೂ ನೀಲಿಯೇ ಆಗಬೇಕು. ಜೇಬಿನಿಂದ ಬಣ್ಣದ ಚೀಟಿ ತೆಗೆದು ಹೂವಿನ ಪಕ್ಕ ಹಿಡಿದು, "ನಾನು ಹೇಳಿದ್ದು ಶಾಯಿ ನೀಲಿ, ನೀನ್ಯಾಕೆ ಆಕಾಶ ನೀಲಿ ಆದೆ?" ಎಂದು ಹೂವನ್ನೇ ಗದರುತ್ತಾನೆ. ಭಾಷಣಕ್ಕೆ ಎದ್ದುನಿಂತ ದೊಡ್ಡ ಸಾಹೇಬರ ಕೆಂಪು ಟೈಯನ್ನೂ "ಕಣ್ಣಿಗೆ ಚುಚ್ತಾ ಇದೆ ಸಾರ್" ಎಂದು ಬಿಚ್ಚಿಸಿದ ಗಟ್ಟಿಗ. ಅವನನ್ನು ಸಾಕಿ ಬೆಳೆಸಿದ ಅಕ್ಕ ತಮ್ಮನ ಕೆಲಸ ನೋಡಬೇಕೆಂದು ಒಂದೇ ಒಂದು ಸಲ ಬಂದಿದ್ದಳು, ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಹಳದಿ ಸೀರೆ ಉಟ್ಟುಕೊಂಡು. "ಅಕ್ಕಾ, ಬೇಜಾರು ಮಾಡ್ಕೋಬೇಡ, ಇವತ್ತೆಲ್ಲ ಶಾಯಿ ನೀಲಿ, ಇಲ್ಲಿ ಕೂತ್ರೆ ಕ್ಯಾಮೆರಾಗೆ ಬೀಳ್ತೀಯ, ಆ ಕಂಬದ ಹಿಂದೆ ಕೂತ್ಕೋ" ಎಂದಿದ್ದ. "ಅದಕ್ಕೇನಂತೆ ಬಿಡೋ, ನಿಂಗೆ ಚಪ್ಪಾಳೆ ಬೀಳೋದು ಕೇಳಿಸಿದ್ರೆ ಸಾಕು" ಎಂದು ನಗುತ್ತ ಎದ್ದುಹೋಗಿದ್ದಳು. ಈಗ ಅಕ್ಕ ಇಲ್ಲ. ಮಾಮ ಬಿಡುವಾದಾಗಲೆಲ್ಲ ಆ ದಿನದ ವಿಡಿಯೊ ಹಾಕಿಕೊಂಡು, ಕಂಬದ ಅಂಚಿನಲ್ಲಿ ಫ್ಯಾನಿನ ಗಾಳಿಗೆ ಒಂದು ಕ್ಷಣ ಹೊರಗೆ ಹಾರುವ ಸೆರಗಿನ ತುದಿ ಬಂದಾಗ ನಿಲ್ಲಿಸುತ್ತಾನೆ. ಅವನ ಇಷ್ಟು ವರ್ಷದ ವಿಡಿಯೊಗಳಲ್ಲಿ ಅಕ್ಕ ಇರುವುದು ಅಷ್ಟೇ. ಆ ಸೆರಗೂ ನೀಲಿಯಾಗಿದೆ. ಎಡಿಟಿಂಗಿಗೆ ಕೂತ ದಿನ ಕಣ್ಣಿಗೆ ಚುಚ್ಚಿತೆಂದು ಅದಕ್ಕೆ ಶಾಯಿ ನೀಲಿ ಬಳಿದವನು ಅವನೇ.